ಹದಿನೈದು ಗಂಟೆಗಳ ಉಸಿರು: ಕೋಲಾರದ ಚರಿತ್ರೆಯಲ್ಲಿ ಗೃಹಶ್ವಾಸಾಧಾರವನ್ನು ಕುರಿತ ಒಂದು ವಿಮರ್ಶೆ

ಕೋಲಾರದ ಚಿನ್ನದ ಗಣಿಗಳ ಚರಿತ್ರೆಯನ್ನು ನಮ್ಮ ಕಾಲೇಜುಗಳಲ್ಲಿ ಬೋಧಿಸುವ ಕ್ರಮ ವಾಚಕರಿಗೆ ಪರಿಚಿತವಾದುದೇ. ೧೮೮೦ರ ದಶಕದಲ್ಲಿ ಜಾನ್ ಟೇಲರ್ ಕಂಪೆನಿಯವರ ಉದ್ಯಮ ನೆಲೆಗೊಂಡಿತು, ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ನೂರಕ್ಕೂ ಹೆಚ್ಚು ಕಿಲೋಮೀಟರು ತಂತಿಯ ಮೇಲೆ ಹರಿದು ಗಣಿಗೆ ಬಂದಿತು, ಚಾಂಪಿಯನ್ ರೀಫ್ ಗಣಿ ಭೂಮಿಯೊಳಕ್ಕೆ ಮೂರು ಕಿಲೋಮೀಟರಿಗೂ ಮಿಗಿಲಾಗಿ ಇಳಿಯಿತು, ೧೯೫೬ರಲ್ಲಿ ರಾಷ್ಟ್ರೀಕರಣವಾಯಿತು, ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಹುಟ್ಟಿತು, ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ವಿದ್ಯಾರ್ಥಿಯು ಇಷ್ಟನ್ನು ಬರೆದನೆಂದರೆ ಅವನಿಗೆ ಪೂರ್ಣಾಂಕ ದೊರೆಯುತ್ತದೆ. ಅಗೆದ ಆಳ, ತೆಗೆದ ಚಿನ್ನ, ಹರಿದ ವಿದ್ಯುತ್ತು ಇವುಗಳಿಗೆಲ್ಲ ಲೆಕ್ಕ ಉಂಟು. ಬಂಡೆಯನ್ನು ಕೊರೆದವನ ಶ್ವಾಸಕೋಶದ ಲೆಕ್ಕ ಮಾತ್ರ ಪಠ್ಯದಲ್ಲಿ ಒಂದು ಸಾಲಿನ ಅಡಿಟಿಪ್ಪಣಿಯಾಗಿ ಬರುತ್ತದೆ. ಅನೇಕ ವೇಳೆ ಅದೂ ಬರುವುದಿಲ್ಲ.

ಲೆಕ್ಕವೇ ಇಲ್ಲವೆಂದು ಇದರ ಅರ್ಥವಲ್ಲ. ೧೯೪೭ರಲ್ಲಿ ಹೊರಬಂದ ಒಂದು ವೈದ್ಯಕೀಯ ಸಮೀಕ್ಷೆಯಲ್ಲಿ ಕೋಲಾರದ ಗಣಿಗಳ ಏಳು ಸಾವಿರಕ್ಕೂ ಮಿಕ್ಕ ಕೆಲಸಗಾರರನ್ನು ಪರೀಕ್ಷಿಸಲಾಗಿದೆ. ಅವರಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಗೆ ಸಿಲಿಕೋಸಿಸ್ ರೋಗ ತಗುಲಿದುದು ಕಂಡುಬಂದಿದೆ. ಭಾರತದಲ್ಲಿ ಕಲ್ಲುದೂಳಿನ ರೋಗದ ಚರಿತ್ರೆಯನ್ನು ಬರೆಯುವವರೆಲ್ಲರೂ ಈ ಸಮೀಕ್ಷೆಯಿಂದ ಪ್ರಾರಂಭಿಸುವುದು ಪದ್ಧತಿಯೇ ಆಗಿದೆ. ೧೯೫೨ರ ಗಣಿ ಅಧಿನಿಯಮದ ಮೇರೆಗೆ ಈ ರೋಗವನ್ನು ಅಧಿಕಾರಿಗಳಿಗೆ ತಿಳಿಸುವುದು ಕಡ್ಡಾಯವಾಯಿತು. ಆದರೆ ಇಲ್ಲಿ ಗಮನಿಸತಕ್ಕ ಒಂದು ಸಂಗತಿಯುಂಟು. ಬೆಣಚುಕಲ್ಲಿನ ಸೂಕ್ಷ್ಮವಾದ ದೂಳು ಶ್ವಾಸಕೋಶದ ತೀರ ಒಳಗಿನ ಗಾಳಿಚೀಲಗಳನ್ನು ಸೇರಿದರೆ ಅಲ್ಲಿ ಗಾಯವುಂಟಾಗುತ್ತದೆ, ಗಾಯವು ಮಾಯುವಾಗ ನಾರುಗಟ್ಟುತ್ತದೆ; ಹೀಗೆ ನಾರುಗಟ್ಟುವ ಕ್ರಿಯೆ ಮನುಷ್ಯನು ಗಣಿಯನ್ನು ಬಿಟ್ಟ ಮೇಲೂ ನಿಲ್ಲದೆ ಮುಂದುವರಿಯಬಲ್ಲುದು. ಕ್ಷಯವು ಅದರ ಬೆನ್ನ ಹಿಂದೆಯೇ ಬರುತ್ತದೆ. ಎಂದರೆ, ರೋಗಿಯು ರೋಗದೊಡನೆ ಕಳೆಯುವ ಕಾಲದ ಬಹುಭಾಗ ಗಣಿಯ ಕಾಲವಲ್ಲ, ಆಸ್ಪತ್ರೆಯ ಕಾಲವೂ ಅಲ್ಲ. ಲೈನುಮನೆಯ ಒಂದೆರಡು ಅಂಕಣದ ಕೋಣೆಯಲ್ಲಿ, ಗೋಡೆಗೆ ಒರಗಿ ಕುಳಿತು ಕಳೆಯುವ ಕಾಲ. ಗಣಿಯವರ ಕಡತ ಅವನು ಕೆಲಸ ಬಿಟ್ಟ ದಿನಕ್ಕೆ ಮುಗಿಯುತ್ತದೆ. ಆಸ್ಪತ್ರೆಯ ಕಡತ ಅವನನ್ನು ಮನೆಗೆ ಕಳುಹಿಸಿದ ದಿನಕ್ಕೆ ಮುಗಿಯುತ್ತದೆ. ಇವೆರಡರ ಆಚೆಗಿನ ಉಸಿರಿಗೆ ಕಡತವಿಲ್ಲ. ಕಡತವಿಲ್ಲದುದನ್ನು ಇತಿಹಾಸಕಾರರಾದ ನಾವೂ ಬರೆಯಲಿಲ್ಲ, ಆಡಳಿತದವರೂ ಯೋಚಿಸಲಿಲ್ಲ. ಗೃಹಶ್ವಾಸಾಧಾರವನ್ನು ಕುರಿತು ನಮ್ಮಲ್ಲಿ ಇದುವರೆಗೆ ನಡೆದಿರುವ ಚಿಂತನೆಯ ಮುಖ್ಯ ದೋಷ ಇದೇ ಎಂಬುದು ನಮ್ಮ ಅಭಿಪ್ರಾಯ.

ಗೃಹಶ್ವಾಸಾಧಾರವೆಂಬ ಮಾತನ್ನು ನಾವು ಎರಡು ಬಗೆಯ ಚಿಕಿತ್ಸೆಗಳಿಗೆ ಸಮಾನವಾಗಿ ಬಳಸುತ್ತೇವೆ. ರಕ್ತದಲ್ಲಿ ಆಮ್ಲಜನಕ ಬಹುಕಾಲದಿಂದ ಕುಗ್ಗಿರುವ ರೋಗಿಗೆ ಮನೆಯಲ್ಲಿಯೇ ಮೂಗಿನ ಕೊಳವೆಯ ಮೂಲಕ ದಿನಕ್ಕೆ ಅನೇಕ ಗಂಟೆಗಳ ಕಾಲ ಆಮ್ಲಜನಕವನ್ನು ಕೊಡುವುದು ಒಂದು. ಉಸಿರನ್ನು ಹೊರಹಾಕಲಾರದೆ ರಕ್ತದಲ್ಲಿ ಇಂಗಾಲಾಮ್ಲ ಕೂಡಿಹಾಕಿಕೊಳ್ಳುವವರಿಗೆ ರಾತ್ರಿಯ ವೇಳೆ ಮುಖವಾಡವನ್ನು ಕಟ್ಟಿ ಯಂತ್ರದಿಂದ ಗಾಳಿಯನ್ನು ಒತ್ತಿ ಕೊಡುವುದು ಇನ್ನೊಂದು. ಎರಡನೆಯದರ ಉಪಯೋಗವನ್ನು ಬ್ರಿಟನ್ನಿನಲ್ಲಿ ೧೧೬ ಮಂದಿ ರೋಗಿಗಳ ಮೇಲೆ ನಡೆದು ೨೦೧೭ರಲ್ಲಿ ಪ್ರಕಟವಾದ ಪ್ರಯೋಗ ಚೆನ್ನಾಗಿ ತೋರಿಸಿದೆ: ಆಮ್ಲಜನಕವನ್ನು ಮಾತ್ರ ಪಡೆದವರು ಮತ್ತೆ ಆಸ್ಪತ್ರೆ ಸೇರುವುದಕ್ಕೆ ಅಥವಾ ಸಾಯುವುದಕ್ಕೆ ಹಿಡಿದ ಕಾಲದ ಮಧ್ಯಾಂಕ ೧.೪ ತಿಂಗಳು, ಯಂತ್ರವನ್ನೂ ಪಡೆದವರಲ್ಲಿ ಅದು ೪.೩ ತಿಂಗಳು. ಈ ಲೇಖನದ ವಸ್ತು ಮುಖ್ಯವಾಗಿ ಮೊದಲನೆಯದು.

ಈ ಚಿಕಿತ್ಸೆಯ ಮೂಲವನ್ನು ಹುಡುಕುತ್ತ ಹೋದರೆ ನಾವು ಗಣಿಗೇ ಬಂದು ನಿಲ್ಲುತ್ತೇವೆ ಎಂಬುದು ಕುತೂಹಲಕರ. ಬೆನ್ನ ಮೇಲೆ ಆಮ್ಲಜನಕವನ್ನು ಹೊತ್ತು ಉಸಿರಾಡುವ ಉಪಕರಣವನ್ನು ಹೆನ್ರಿ ಫ್ಲೂಸ್ ಎಂಬಾತ ೧೮೭೦ರ ದಶಕದ ಕೊನೆಯಲ್ಲಿ ರಚಿಸಿದನು. ೧೮೮೦ರಲ್ಲಿ ಸೆವರ್ನ್ ನದಿಯ ಕೆಳಗಿನ ಸುರಂಗಕ್ಕೆ ನೀರು ನುಗ್ಗಿದಾಗ ಮುಳುಗುಗಾರನೊಬ್ಬನು ಅದನ್ನು ತೊಟ್ಟು ಕತ್ತಲಲ್ಲಿ ಇಳಿದನು. ಮುಂದೆ ಗಣಿರಕ್ಷಣಾ ದಳಗಳು ಅದರ ಸುಧಾರಿಸಿದ ರೂಪಗಳನ್ನು ಬಳಸಿದವು. ಜಾನ್ ಸ್ಕಾಟ್ ಹಾಲ್ಡೇನನ ಕಥೆ ಇನ್ನೂ ಹತ್ತಿರದ್ದು. ಕಾರ್ನ್‌ವಾಲಿನ ಗಣಿಗಾರರ ಆರೋಗ್ಯವನ್ನು ಕುರಿತು ಇಬ್ಬರು ಸಹಾಯಕರೊಡನೆ ಅವನು ೧೯೦೪ರಲ್ಲಿ ಸಲ್ಲಿಸಿದ ವರದಿ, ಅವರ ಶ್ವಾಸಕೋಶಗಳನ್ನು ಕೆಡಿಸಿದುದು ಕಲ್ಲಿನ ದೂಳೇ ಎಂದು ಸಾರಿತು. ಅದೇ ಹಾಲ್ಡೇನನು ೧೯೧೭ರಲ್ಲಿ, ಯುದ್ಧದ ವಿಷಾನಿಲದಿಂದ ಬಳಲಿದ ಸೈನಿಕರಿಗಾಗಿ, ಅಳತೆಯಿಟ್ಟು ನಿರಂತರವಾಗಿ ಆಮ್ಲಜನಕವನ್ನು ಕೊಡುವ ಉಪಕರಣವನ್ನು ವಿವರಿಸಿದನು. ಕೋಲಾರಕ್ಕೆ ಮೇಸ್ತ್ರಿಗಳಾಗಿಯೂ ಗಣಿನಾಯಕರಾಗಿಯೂ ಬಂದ ಯೂರೋಪಿಯನರಲ್ಲಿ ಕಾರ್ನ್‌ವಾಲಿನವರು ಪ್ರಮುಖರಾಗಿದ್ದರೆಂಬುದು ತಿಳಿದ ವಿಷಯ. ಹೀಗಿರಲು, ಕಾರ್ನ್‌ವಾಲಿನಿಂದ ಕೋಲಾರಕ್ಕೆ ಕೊರೆಯುವ ವಿದ್ಯೆ ಬಂದಿತು. ಅದೇ ಮೂಲದಿಂದ ಹೊರಟ ಉಸಿರಿನ ವಿದ್ಯೆ ಮಾತ್ರ ಕೋಲಾರದ ಕಾರ್ಮಿಕನ ಮನೆಯವರೆಗೆ ಬರಲಿಲ್ಲ. ಮೂರು ಕಿಲೋಮೀಟರಿನ ಆಳಕ್ಕೆ ಗಾಳಿಯನ್ನು ತಳ್ಳಬಲ್ಲವರಿಗೆ ಗಣಿಯ ಬಾಯಿಂದ ಅರ್ಧ ಮೈಲಿ ದೂರದ ಗುಡಿಸಲಿಗೆ ಅದನ್ನು ಒಯ್ಯುವುದು ಹೊಳೆಯಲಿಲ್ಲ.

ಇದು ಅನ್ಯಾಯದ ಮಾತು, ಆಗ ಜಗತ್ತಿನಲ್ಲಿ ಯಾರಿಗೂ ಹೊಳೆದಿರಲಿಲ್ಲ ಎಂದು ಆಕ್ಷೇಪಿಸಬಹುದು. ಆಕ್ಷೇಪಣೆಯಲ್ಲಿ ಸತ್ತ್ವವಿದೆ. ಮನೆಯಲ್ಲಿ ದೀರ್ಘಕಾಲ ಆಮ್ಲಜನಕವನ್ನು ಕೊಟ್ಟರೆ ಆಯುಸ್ಸು ಬೆಳೆಯುವುದೆಂದು ಸಿದ್ಧವಾದುದು ಎರಡು ಪ್ರಯೋಗಗಳಿಂದ: ೧೯೮೦ರಲ್ಲಿ ಅಮೆರಿಕದಲ್ಲಿ ೨೦೩ ಮಂದಿಯ ಮೇಲೆ ನಡೆದುದು ಒಂದು, ೧೯೮೧ರಲ್ಲಿ ಬ್ರಿಟಿಷ್ ವೈದ್ಯಕೀಯ ಸಂಶೋಧನಾ ಮಂಡಲಿಯವರು ಪ್ರಕಟಿಸಿದುದು ಇನ್ನೊಂದು. ಕೋಲಾರದ ಗಣಿ ಆ ಮೇಲೂ ಇಪ್ಪತ್ತು ವರ್ಷ ನಡೆಯಿತೆಂಬುದನ್ನು ಮಾತ್ರ ಮರೆಯಬಾರದು. ಇಂಗ್ಲೆಂಡಿನಲ್ಲಿ ೧೯೮೫ರಿಂದಲೇ ಸಾಮಾನ್ಯ ವೈದ್ಯನು ಬರೆದ ಚೀಟಿಯ ಮೇಲೆ ಕಾನ್ಸೆಂಟ್ರೇಟರ್ ಯಂತ್ರ ರೋಗಿಯ ಮನೆಗೆ ಹೋಗತೊಡಗಿತು.

ಬ್ರಿಟಿಷ್ ಪ್ರಯೋಗವನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಅವಶ್ಯಕ; ಏಕೆಂದರೆ ಎಲ್ಲರೂ ಅದನ್ನು ಉದಾಹರಿಸುತ್ತಾರೆ, ಆಧಾರಗ್ರಂಥವೊಂದನ್ನು ಓದುವಂತೆ ಓದುವವರು ಕಡಮೆ. ಎಪ್ಪತ್ತು ವರ್ಷಕ್ಕೆ ಕೆಳಗಿನ ೮೭ ಮಂದಿ ರೋಗಿಗಳು. ಎಡಿನ್‌ಬರೋ, ಬರ್ಮಿಂಗ್‌ಹ್ಯಾಮ್, ಶೆಫೀಲ್ಡ್ ಎಂಬ ಮೂರು ಕೇಂದ್ರಗಳು. ಶೆಫೀಲ್ಡ್ ಎಂದೊಡನೆ ಅಲ್ಲಿನ ಸಾಣೆಯವರ ಕಲ್ಲುದೂಳಿನ ರೋಗ ನಮಗೆ ನೆನಪಾಗದೆ ಇರದು. ಆದರೆ ಪ್ರಯೋಗಕ್ಕೆ ಆರಿಸಿಕೊಂಡುದು ದೀರ್ಘಕಾಲದ ಕಫರೋಗ ಮತ್ತು ಶ್ವಾಸಕೋಶದ ಉಬ್ಬಿನ ರೋಗದವರನ್ನು. ೪೨ ಮಂದಿಗೆ ದಿನಕ್ಕೆ ಕನಿಷ್ಠ ಹದಿನೈದು ಗಂಟೆ ಆಮ್ಲಜನಕ. ೪೫ ಮಂದಿಗೆ ಇಲ್ಲ. ಐದು ವರ್ಷಗಳಲ್ಲಿ ಮೊದಲ ಗುಂಪಿನಲ್ಲಿ ೧೯ ಮಂದಿಯೂ ಎರಡನೆಯದರಲ್ಲಿ ೩೦ ಮಂದಿಯೂ ತೀರಿಕೊಂಡರು. ಹದಿನೈದು ಗಂಟೆ ಎಂಬ ಸಂಖ್ಯೆ ವೈದ್ಯಶಾಸ್ತ್ರದಲ್ಲಿ ನೆಲೆನಿಂತುದು ಇಲ್ಲಿಂದ. ಆದರೆ ನಮಗೆ ಇದಕ್ಕಿಂತ ಮುಖ್ಯವಾಗಿ ತೋರುವುದು ಇನ್ನೊಂದು ಅಂಶ: ಗಂಡಸರಲ್ಲಿ ಮೊದಲ ಐನೂರು ದಿನಗಳವರೆಗೆ ಎರಡು ಗುಂಪುಗಳ ಮರಣದಲ್ಲಿ ವ್ಯತ್ಯಾಸವೇ ತೋರಲಿಲ್ಲ. ಆಮೇಲೆ ಹಾದಿಗಳು ಬೇರೆಯಾದವು. ವಾರ್ಷಿಕ ಆಯವ್ಯಯದ ಮೇಲೆ ನಡೆಯುವ, ಮಾರ್ಚಿ ತಿಂಗಳಲ್ಲಿ ಸಾಧನೆಯ ವರದಿಯನ್ನು ಕೇಳುವ ಯಾವ ಯೋಜನೆಯ ಕಣ್ಣಿಗೂ ಈ ಪ್ರಯೋಜನ ಬೀಳುವಂತಿಲ್ಲ. ಯಂತ್ರಗಳನ್ನು ಹಂಚಿದ ಸಂಖ್ಯೆ ಮೊದಲ ವರ್ಷದಲ್ಲಿಯೇ ಸಿಗುತ್ತದೆ; ಉಳಿದ ಪ್ರಾಣಗಳ ಸಂಖ್ಯೆ ಸಿಗಬೇಕಾದರೆ ಎರಡನೆಯ ವರ್ಷದ ಮಧ್ಯದವರೆಗೂ ಒಂದೇ ಮನೆಯ ಬಾಗಿಲಿಗೆ ಹೋಗುತ್ತಿರಬೇಕು.

ಇಷ್ಟು ಹೊತ್ತು ಗಣಿಯ ಮಾತಾಯಿತು. ಕೋಲಾರ ಜಿಲ್ಲೆಯ ಉಸಿರಿನ ಕಷ್ಟವನ್ನೆಲ್ಲ ಗಣಿಯ ತಲೆಗೆ ಕಟ್ಟುವುದು ಸರಿಯಲ್ಲ. ಮಾಲೂರು ತಾಲ್ಲೂಕಿನ ಟೇಕಲ್ಲಿನ ಸುತ್ತ ಕಲ್ಲುಗಣಿಗಳಿವೆ. ಶಿವಾರಪಟ್ಟಣದ ಶಿಲ್ಪಿಗಳು ತಲೆಮಾರುಗಳಿಂದ ಉಳಿಯ ಮುಂದೆ ಕುಳಿತವರು. ಶ್ರೀನಿವಾಸಪುರವನ್ನು ದಾಟಿ ಆಂಧ್ರದ ಗಡಿಯ ಕಡೆಗೆ ಹೋದರೆ ಸಿಗುವ ಗೌನಿಪಲ್ಲಿಯಲ್ಲಿ ಇವೆರಡೂ ಕಾಣುವುದಿಲ್ಲ. ತೆಲುಗೂ ಕನ್ನಡವೂ ಕಲೆತ ಮಾತಿನ ಆ ಸೀಮೆಯಲ್ಲಿ ಕಾಣುವುದು ಮಾವಿನ ತೋಪು, ಟೊಮೇಟೊ ಹೊಲ, ಹಿಪ್ಪುನೇರಳೆ. ಅಲ್ಲಿಯ ರೋಗದ ಮೂಲ ನೆಲದಡಿಯಲ್ಲಿಲ್ಲ, ಅಡುಗೆಮನೆಯಲ್ಲಿದೆ. ಸೊಪ್ಪು ಕಳೆದ ಹಿಪ್ಪುನೇರಳೆಯ ಕಡ್ಡಿ, ನೀಲಗಿರಿಯ ತರಗು, ಬೆರಣಿ, ಇವು ಒಲೆಗೆ ಹೋಗುತ್ತವೆ. ಹೊಗೆ ಊದುವವಳ ಎದೆಗೆ ಹೋಗುತ್ತದೆ. ಮೈಸೂರು ಸೀಮೆಯ ಹಳ್ಳಿಗಳ ಹೆಂಗಸರನ್ನು ಪರೀಕ್ಷಿಸಿ ೨೦೧೩ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಒಂದು ಅಳತೆಯನ್ನು ಕೊಟ್ಟಿದೆ: ದಿನಕ್ಕೆ ಒಲೆಯ ಮುಂದಿರುವ ಗಂಟೆಗಳನ್ನು ವರ್ಷಗಳಿಂದ ಗುಣಿಸಿದಾಗ ೬೦ ಬಂದರೆ ಅಲ್ಲಿಂದ ದೀರ್ಘಕಾಲದ ಕಫರೋಗದ ಅಪಾಯ ಸ್ಪಷ್ಟವಾಗಿ ಏರುತ್ತದೆ. ದಿನಕ್ಕೆ ಮೂರು ಗಂಟೆ, ಇಪ್ಪತ್ತು ವರ್ಷ. ಹದಿನೆಂಟರಲ್ಲಿ ಮದುವೆಯಾಗಿ ಬಂದವಳು ಮೂವತ್ತೆಂಟಕ್ಕೆ ಆ ಗೆರೆಯನ್ನು ಮುಟ್ಟುತ್ತಾಳೆ. ೨೦೧೬ರಿಂದ ಉಜ್ಜ್ವಲಾ ಯೋಜನೆಯ ಅನಿಲದ ಸಿಲಿಂಡರು ಹಳ್ಳಿಗಳಿಗೆ ಬಂದಿದೆ, ನಿಜ. ಅದು ಮುಂದಿನವಳನ್ನು ಕಾಪಾಡಬಹುದು. ಗೆರೆಯನ್ನು ಆಗಲೇ ದಾಟಿದವಳ ಶ್ವಾಸಕೋಶವನ್ನು ಹಿಂದಿರುಗಿಸಲಾರದು. ಗಣಿಗಾರನಿಗಾದರೂ ಕಾಯಿದೆಯಲ್ಲಿ ಒಂದು ಹೆಸರಿತ್ತು. ಇವಳ ರೋಗಕ್ಕೆ ಮಾಲೀಕನಿಲ್ಲ, ಆದಕಾರಣ ಪರಿಹಾರವೂ ಇಲ್ಲ.

ಈಗ ಇಂಥ ಊರಿನ ಒಂದು ಮನೆಗೆ ಹದಿನೈದು ಗಂಟೆಗಳ ಸೂತ್ರವನ್ನು ಅನ್ವಯಿಸಿ ನೋಡೋಣ. ನಿಮಿಷಕ್ಕೆ ಎರಡು ಲೀಟರಿನಂತೆ ಹದಿನೈದು ಗಂಟೆಗೆ ೧,೮೦೦ ಲೀಟರು ಆಮ್ಲಜನಕ ಬೇಕು. ಮನೆಗೆ ಹೊತ್ತು ತರಬಹುದಾದ ಸಣ್ಣ ಸಿಲಿಂಡರಿನಲ್ಲಿ ಹಿಡಿಯುವುದು ಸುಮಾರು ೧,೫೦೦ ಲೀಟರು. ಅದು ಒಂದು ದಿನದ ಲೆಕ್ಕಕ್ಕೂ ಸಾಲದು. ಆಸ್ಪತ್ರೆಗಳಲ್ಲಿ ನಿಲ್ಲಿಸುವ ದೊಡ್ಡ ಸಿಲಿಂಡರಿನ ೭,೦೦೦ ಲೀಟರು ನಾಲ್ಕು ದಿನವೂ ಪೂರ್ತಿ ಬರುವುದಿಲ್ಲ. ನಾಲ್ಕು ದಿನಕ್ಕೊಮ್ಮೆ ಉಕ್ಕಿನ ಆ ಭಾರವನ್ನು ಗೌನಿಪಲ್ಲಿಯಿಂದ ಪಟ್ಟಣಕ್ಕೆ ಸಾಗಿಸಿ ತುಂಬಿಸಿ ತರಬಲ್ಲ ಮನೆ ಎಷ್ಟು? ಉಳಿದ ದಾರಿ ಕಾನ್ಸೆಂಟ್ರೇಟರ್. ಇದರ ಕೆಲಸ ಸರಳವಾದುದು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಎಪ್ಪತ್ತೆಂಟು ಪಾಲು ಸಾರಜನಕ, ಇಪ್ಪತ್ತೊಂದು ಪಾಲು ಆಮ್ಲಜನಕ. ಜಿಯೊಲೈಟ್ ಎಂಬ ಖನಿಜದ ಕಾಳುಗಳನ್ನು ತುಂಬಿದ ಎರಡು ಕೊಳವೆಗಳಲ್ಲಿ ಒಂದಾದ ಮೇಲೊಂದಕ್ಕೆ ಯಂತ್ರವು ಗಾಳಿಯನ್ನು ಒತ್ತುತ್ತದೆ. ಒತ್ತಡವಿರುವಾಗ ಕಾಳು ಸಾರಜನಕವನ್ನು ಹಿಡಿದುಕೊಂಡು ಆಮ್ಲಜನಕವನ್ನು ಮುಂದೆ ಬಿಡುತ್ತದೆ. ಒತ್ತಡವಿಳಿದಾಗ ಹಿಡಿದುದನ್ನು ಹೊರಚೆಲ್ಲಿ ಮತ್ತೆ ಸಿದ್ಧವಾಗುತ್ತದೆ. ಮೂಗಿಗೆ ಬರುವುದು ನೂರಕ್ಕೆ ತೊಂಬತ್ತರಷ್ಟು ಅಥವಾ ಅದಕ್ಕೂ ಹೆಚ್ಚು ಶುದ್ಧವಾದ ಆಮ್ಲಜನಕ. ತುಂಬಿಸುವ ಕಷ್ಟವಿಲ್ಲ, ಗಾಳಿಗೆ ಬಾಡಿಗೆಯಿಲ್ಲ.

ಬಾಡಿಗೆಯಿರುವುದು ವಿದ್ಯುಚ್ಛಕ್ತಿಗೆ. ನಿಮಿಷಕ್ಕೆ ಐದು ಲೀಟರಿನ ಸಾಮರ್ಥ್ಯದ ಸಾಧಾರಣ ಯಂತ್ರ ಸುಮಾರು ೩೫೦ ವಾಟ್ ಎಳೆಯುತ್ತದೆ. ಹದಿನೈದು ಗಂಟೆಗೆ ಐದೂಕಾಲು ಯೂನಿಟ್. ತಿಂಗಳಿಗೆ ೧೫೭ ಯೂನಿಟ್ಟಿಗೂ ಸ್ವಲ್ಪ ಹೆಚ್ಚು. ೨೦೨೩ರಲ್ಲಿ ಕರ್ನಾಟಕ ಸರ್ಕಾರ ಗೃಹಜ್ಯೋತಿ ಯೋಜನೆಯನ್ನು ಜಾರಿಗೆ ತಂದು ತಿಂಗಳಿಗೆ ೨೦೦ ಯೂನಿಟ್‌ಗಳವರೆಗೆ ಮನೆಗಳಿಗೆ ಉಚಿತ ವಿದ್ಯುತ್ತನ್ನು ಕೊಟ್ಟಿತು. ಉಚಿತವೆಂಬ ಮಾತಿಗೆ ಒಳಗೊಂದು ಮಿತಿಯಿದೆ: ಪ್ರತಿ ಮನೆಯ ಹಕ್ಕು ಅದರ ಹಿಂದಿನ ವರ್ಷದ ಸರಾಸರಿಯ ಮೇಲೆ ನೂರಕ್ಕೆ ಹತ್ತರಷ್ಟು ಮಾತ್ರ ಹೆಚ್ಚು; ತೀರ ಕಡಮೆ ಬಳಸುವ ಮನೆಗಳಿಗೆ ೨೦೨೪ರಲ್ಲಿ ಇದನ್ನು ಹತ್ತು ಯೂನಿಟ್ ಎಂದು ಮಾರ್ಪಡಿಸಿದರು. ಅದಕ್ಕೆ ಮೀರಿದುದಕ್ಕೆ ಹಣ ಕೊಡಬೇಕು. ೨೦೦ನ್ನು ದಾಟಿದರೆ ಪೂರ್ಣ ಬಿಲ್ಲನ್ನೇ ಕೊಡಬೇಕು. ಹಿಂದೆ ೪೦ ಯೂನಿಟ್ ಬಳಸುತ್ತಿದ್ದ ಬಡವರ ಮನೆಗೆ ಯಂತ್ರ ಬಂದರೆ ಬಳಕೆ ೧೯೭ ಆಗುತ್ತದೆ, ಹಕ್ಕು ೫೦ರಲ್ಲಿಯೇ ನಿಲ್ಲುತ್ತದೆ. ಯೂನಿಟ್ಟಿಗೆ ಆರು ರೂಪಾಯಿಯ ಆಸುಪಾಸಿನ ದರದಲ್ಲಿ ತಿಂಗಳಿಗೆ ಒಂಬೈನೂರು ರೂಪಾಯಿಯ ಸಮೀಪದ ಹೊಸ ಹೊರೆ. ೫೦ ಯೂನಿಟ್ ಬಳಸುತ್ತಿದ್ದ ಮನೆಯಾದರೆ ೨೦೭ಕ್ಕೇರಿ ಉಚಿತದ ಪಟ್ಟಿಯಿಂದಲೇ ಹೊರಬೀಳುತ್ತದೆ. ಕಾಯಿಲೆ ಬಂದುದಕ್ಕೆ ದೀಪವನ್ನೂ ಕಳೆದುಕೊಳ್ಳುವಂತಾಯಿತು. ಯೋಜನೆಯನ್ನು ರೂಪಿಸಿದವರಲ್ಲಿ ದುರುದ್ದೇಶವಿತ್ತೆಂದು ನಾವು ಹೇಳುವುದಿಲ್ಲ. ಮನೆಯೆಂದರೆ ದೀಪ, ಬೀಸಣಿಗೆ, ದೂರದರ್ಶನ ಎಂದು ಅವರು ಎಣಿಸಿದರು. ಮನೆಯಲ್ಲಿ ಉಸಿರೂ ವಿದ್ಯುತ್ತಿನಿಂದ ನಡೆಯಬಹುದೆಂದು ಎಣಿಸಲಿಲ್ಲ. ವೈದ್ಯನ ಚೀಟಿಯ ಮೇಲೆ ಈ ನೂರೈವತ್ತೇಳು ಯೂನಿಟ್‌ಗಳನ್ನು ಬೇರೆ ಲೆಕ್ಕಕ್ಕೆ ಹಾಕುವುದು ಅಸಾಧ್ಯವಾದ ಕೆಲಸವೇನೂ ಅಲ್ಲ. ೧೯೦೨ರಲ್ಲಿ ಚಿನ್ನಕ್ಕಾಗಿ ಕಾವೇರಿಯನ್ನು ಕೋಲಾರಕ್ಕೆ ತಂತಿಯಲ್ಲಿ ತಂದ ನಾಡಿನಲ್ಲಿ ಇದನ್ನು ಅಸಾಧ್ಯವೆನ್ನಲು ನಾಲಗೆ ಬಾರದು.

ಹಣದ ಪ್ರಶ್ನೆ ಬಗೆಹರಿದರೂ ಕಾಲದ ಪ್ರಶ್ನೆ ಉಳಿಯುತ್ತದೆ. ಹದಿನೈದು ಗಂಟೆಗಳ ಸೂತ್ರವನ್ನು ಬರೆದವರ ಮನಸ್ಸಿನಲ್ಲಿ ಕೆಲಸದಿಂದ ನಿವೃತ್ತನಾಗಿ ಕುರ್ಚಿಯಲ್ಲಿ ಕುಳಿತ ಗಂಡಸಿದ್ದಾನೆ. ರಾತ್ರಿಯ ಎಂಟು ಗಂಟೆ ನಿದ್ರೆಯಲ್ಲಿ ಕಳೆದರೆ ಉಳಿದ ಏಳು ಗಂಟೆಗಳನ್ನು ಅವನು ಹಗಲಿನಲ್ಲಿ ಕುಳಿತು ತುಂಬಬಲ್ಲ. ನಮ್ಮ ಹಳ್ಳಿಯ ರೋಗಿ ಅನೇಕ ವೇಳೆ ಒಲೆಯ ಯಜಮಾನಿಯೇ. ಅವಳು ಆ ಏಳು ಗಂಟೆಗಳನ್ನು ಎಲ್ಲಿಂದ ತರಬೇಕು? ಕೊಳವೆಯನ್ನು ಮೂಗಿಗಿಟ್ಟುಕೊಂಡು ಒಲೆಯ ಮುಂದೆ ಕೂಡುವಂತಿಲ್ಲ. ಆಮ್ಲಜನಕವು ತಾನಾಗಿ ಉರಿಯದಿದ್ದರೂ ಉರಿಯುವುದನ್ನು ಭಯಂಕರವಾಗಿ ಹೊತ್ತಿಸುತ್ತದೆ, ಸೀರೆಯ ಸೆರಗಿಗೂ ತಲೆಗೂದಲಿಗೂ ಅಪಾಯ. ಬೆಂಕಿಯಿಂದ ಕೆಲವು ಮೀಟರು ದೂರವಿರಬೇಕೆಂದು ವೈದ್ಯರು ಹೇಳುತ್ತಾರೆ. ಒಂದೂವರೆ ಅಂಕಣದ ಮನೆಯಲ್ಲಿ ಆ ದೂರವೇ ಇಲ್ಲ. ಬೀಡಿ ಸೇದುವ ಗಂಡನು ಪಕ್ಕದಲ್ಲಿದ್ದರೆ ಕೇಳಬೇಕಾದುದೇ ಇಲ್ಲ. ಹೀಗಾಗಿ ಗೃಹಶ್ವಾಸಾಧಾರವೆಂಬುದು ಯಂತ್ರವೊಂದರ ಮಾತಾಗಿ ಉಳಿಯದು. ಒಲೆಯನ್ನು ಬದಲಾಯಿಸುವ, ಅಡುಗೆಯನ್ನು ಇನ್ನೊಬ್ಬರು ವಹಿಸಿಕೊಳ್ಳುವ ಮಾತೂ ಆಗುತ್ತದೆ. ಪಾಶ್ಚಾತ್ಯ ಕೈಪಿಡಿಗಳನ್ನು ಭಾಷಾಂತರಿಸಿ ಕೊಡುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ. ಮೂಲದಲ್ಲಿ ಅದಿಲ್ಲ ತಾನೆ!

೨೦೨೧ರ ಅನುಭವದಿಂದ ನಾವು ಕಲಿತಿರಬೇಕಲ್ಲವೇ ಎಂದು ಕೇಳುವವರುಂಟು. ಆ ವರ್ಷ ಮೇ ೨ರ ರಾತ್ರಿಯಿಂದ ೩ರ ಬೆಳಗಿನವರೆಗೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಾಗಿ, ಇಪ್ಪತ್ತುನಾಲ್ಕು ರೋಗಿಗಳ ಮರಣ ನಾಡನ್ನೆಲ್ಲ ನಡುಗಿಸಿತು. ಅದೇ ಮೇ ತಿಂಗಳಲ್ಲಿ, ಗಣಿಯೊಡನೆ ೨೦೦೧ರಲ್ಲಿ ಬಾಗಿಲಿಕ್ಕಿದ್ದ ಕೋಲಾರದ ಗಣಿ ಆಸ್ಪತ್ರೆಯನ್ನು ಸ್ವಯಂಸೇವಕರು ಇಪ್ಪತ್ತು ವರ್ಷಗಳ ಕಸವನ್ನು ಬಳಿದು ಮತ್ತೆ ತೆರೆದರು. ಸಿಲಿಕೋಸಿಸ್ ರೋಗಿಗಳಿಗಾಗಿ ತೆರೆಯದ ಬಾಗಿಲು ಕೋವಿಡ್ಡಿಗಾಗಿ ತೆರೆಯಿತು. ಪಿ.ಎಂ. ಕೇರ್ಸ್ ನಿಧಿಯಿಂದ ದೇಶದಲ್ಲಿ ಸಾವಿರಕ್ಕೂ ಹೆಚ್ಚು ಆಮ್ಲಜನಕ ಸ್ಥಾವರಗಳು ಆಸ್ಪತ್ರೆಗಳ ಅಂಗಳದಲ್ಲಿ ಎದ್ದವು. ಒಂದು ಲಕ್ಷ ಕಾನ್ಸೆಂಟ್ರೇಟರುಗಳ ಖರೀದಿಗೂ ಮಂಜೂರಾತಿಯಾಯಿತು. ಇವೆಲ್ಲ ಆಗಬೇಕಾಗಿದ್ದುವೇ. ಆದರೆ ಕಲಿತ ಪಾಠ ಆಸ್ಪತ್ರೆಯದು. ಆ ದಿನಗಳ ತೆರಿಗೆಯ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ವಿದೇಶದಲ್ಲಿದ್ದ ಬಂಧುಗಳು ಮನೆಬಳಕೆಗೆಂದು ಕಳುಹಿಸುವ ಯಂತ್ರಕ್ಕೆ ನೂರಕ್ಕೆ ೨೮ರಷ್ಟಿದ್ದ ತೆರಿಗೆಯನ್ನು ೨೦೨೧ರ ಮೇ ೧ರಂದು ೧೨ಕ್ಕೆ ಇಳಿಸಿದರು. ಸರ್ಕಾರ ಅಥವಾ ಅದು ಒಪ್ಪಿದ ಸಂಸ್ಥೆಯ ಮೂಲಕ ದಾನವಾಗಿ ಬಂದರೆ ತೆರಿಗೆಯೇ ಇರಲಿಲ್ಲ. ಮನೆಗೊಂದು ನ್ಯಾಯ, ಸಂಸ್ಥೆಗೊಂದು ನ್ಯಾಯ ಸಲ್ಲದೆಂದು ದೆಹಲಿಯ ಉಚ್ಚ ನ್ಯಾಯಾಲಯ ಅದೇ ತಿಂಗಳು ತೀರ್ಪಿತ್ತಿತು. ಜೂನಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಡೆಹಿಡಿಯಿತು. ನ್ಯಾಯಶಾಸ್ತ್ರದ ಸೂಕ್ಷ್ಮ ಹೇಗೇ ಇರಲಿ, ಮನೆಯಲ್ಲಿ ಎಳೆಯುವ ಉಸಿರು ಖಾಸಗಿ ಐಷಾರಾಮವೆಂದೂ ಆಸ್ಪತ್ರೆಯಲ್ಲಿ ಎಳೆಯುವುದು ಸಾರ್ವಜನಿಕ ಹಿತವೆಂದೂ ಎಣಿಸುವ ಮನೋಧರ್ಮ ಇಲ್ಲಿ ಬಯಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆ ೨೦೧೭ರಲ್ಲಿ ಆಮ್ಲಜನಕವನ್ನು ರಕ್ತದ ಆಮ್ಲಜನಕ ಕುಗ್ಗಿದವರ ಅವಶ್ಯ ಔಷಧವೆಂದು ತನ್ನ ಪಟ್ಟಿಯಲ್ಲಿ ಸೇರಿಸಿದಾಗ, ಅದನ್ನು ಎಲ್ಲಿ ಕುಳಿತು ಸೇವಿಸಬೇಕೆಂದು ಹೇಳಿರಲಿಲ್ಲ.

ಇದರಿಂದ ಮನೆಮನೆಗೂ ಯಂತ್ರವನ್ನು ಹಂಚಬೇಕೆಂದು ನಾವು ವಾದಿಸುತ್ತಿರುವೆವೆಂದು ಯಾರೂ ತಿಳಿಯಬಾರದು. ಯಂತ್ರದಾನದ ಉತ್ಸಾಹಕ್ಕೂ ವಿಮರ್ಶೆ ಬೇಕು. ಆಮ್ಲಜನಕ ಅಲ್ಪಸ್ವಲ್ಪ ಮಾತ್ರ ಕುಗ್ಗಿದ್ದ ೭೩೮ ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು ೨೦೧೬ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮನೆಯ ಆಮ್ಲಜನಕದಿಂದ ಆಯುಸ್ಸೂ ಬೆಳೆಯಲಿಲ್ಲ, ಆಸ್ಪತ್ರೆಯ ದಾರಿಯೂ ತಪ್ಪಲಿಲ್ಲ. ರಕ್ತದಲ್ಲಿ ಇಂಗಾಲಾಮ್ಲ ಹೆಚ್ಚುವ ಸ್ವಭಾವದವರಿಗೆ ಅಳತೆ ಮೀರಿದ ಆಮ್ಲಜನಕ ಅಪಾಯವನ್ನೇ ತರಬಲ್ಲುದು. ಆದುದರಿಂದ ಯಾರಿಗೆ ಬೇಕು ಎಂಬುದನ್ನು ಮೊದಲು ಅಳೆಯಬೇಕು. ಅಪಧಮನಿಯ ರಕ್ತದಲ್ಲಿ ಆಮ್ಲಜನಕದ ಒತ್ತಡ ೫೫ ಮಿಲಿಮೀಟರಿಗೆ ಇಳಿದಿರಬೇಕು, ಅಥವಾ ಬೆರಳಿನ ಉಪಕರಣ ತೋರಿಸುವ ಅಂಕ ೮೮ಕ್ಕೆ ಇಳಿದಿರಬೇಕು ಎಂಬುದು ಸಾಮಾನ್ಯ ನಿಯಮ. ಬೆರಳಿನ ಉಪಕರಣ ಅಗ್ಗ, ಹಳ್ಳಿಗೂ ಹೋಗುತ್ತದೆ. ಆದರೆ ೨೦೨೦ರ ಡಿಸೆಂಬರಿನಲ್ಲಿ ಅಮೆರಿಕದಿಂದ ಪ್ರಕಟವಾದ ಒಂದು ಅಧ್ಯಯನ, ಅದು ಕಪ್ಪುಮೈಯವರಲ್ಲಿ ಇರುವುದಕ್ಕಿಂತ ಹೆಚ್ಚಿನ ಅಂಕವನ್ನು ತೋರಿಸಿ ಕೊರತೆಯನ್ನು ಮರೆಮಾಡುವ ಸಂಭವ ಬಿಳಿಯರಲ್ಲಿರುವುದಕ್ಕಿಂತ ಸುಮಾರು ಮೂರು ಪಟ್ಟು ಎಂದು ತೋರಿಸಿತು. ಬಿಸಿಲಿನಲ್ಲಿ ದುಡಿದ ನಮ್ಮ ಜಿಲ್ಲೆಯ ರೈತನ ಬೆರಳಿನ ಮೇಲೆ ೯೦ ಎಂದು ಮಿನುಗಿದ ಅಂಕವನ್ನು ಕಂಡು ಅವನನ್ನು ಹಿಂದಕ್ಕೆ ಕಳುಹಿಸುವ ಮೊದಲು ರಕ್ತಪರೀಕ್ಷೆಯನ್ನು ಒಮ್ಮೆಯಾದರೂ ಮಾಡಿಸುವುದು ನ್ಯಾಯ. ಹೆಚ್ಚು ಕೊಡುವುದು ಹೇಗೆ ತಪ್ಪೋ, ಉಪಕರಣದ ದೋಷದಿಂದ ಕೊಡದಿರುವುದೂ ಹಾಗೆಯೇ ತಪ್ಪು.

ಪರಿಹಾರಧನದ ಸಂಪ್ರದಾಯವನ್ನೂ ಇಲ್ಲಿ ಪರಾಮರ್ಶಿಸಬೇಕು. ನಮ್ಮ ಕಾಯಿದೆಗಳಲ್ಲಿ ಕೆಟ್ಟ ಶ್ವಾಸಕೋಶವು ಶೇಕಡಾವಾರು ಅಶಕ್ತತೆಯಾಗಿ, ಆ ಮೂಲಕ ಒಂದೇ ಬಾರಿ ಕೊಡುವ ಮೊಬಲಗಾಗಿ ಪರಿವರ್ತಿತವಾಗುತ್ತದೆ. ಈ ವಿಷಯದಲ್ಲಿ ಮುಂದಿರುವ ರಾಜಸ್ಥಾನದ ೨೦೧೯ರ ನೀತಿಯೂ ರೋಗ ದೃಢಪಟ್ಟಾಗ ೩ ಲಕ್ಷ, ಮರಣದ ನಂತರ ಕುಟುಂಬಕ್ಕೆ ೨ ಲಕ್ಷ ರೂಪಾಯಿಗಳನ್ನು ಕೊಡುತ್ತದೆ. ಬದುಕಿರುವವರೆಗೆ ಮಾಸಾಶನವೂ ಉಂಟು. ಇದು ಶ್ಲಾಘ್ಯ. ಆದರೂ ದೊಡ್ಡ ಮೊತ್ತಗಳು ರೋಗದ ಎರಡು ತುದಿಗಳಲ್ಲಿ ಬೀಳುತ್ತವೆ, ನಡುವಣ ವರ್ಷಗಳ ಮೇಲಲ್ಲ. ಕೋಲಾರದ ಗಣಿಯ ಚರಿತ್ರೆಯನ್ನು ಕಾರ್ಮಿಕನ ಕಡೆಯಿಂದ ನೋಡಿದ ಗ್ರಂಥಗಳಲ್ಲಿಯೂ ಈ ನಡುವಣ ವರ್ಷಗಳು ಹೊರಗೇ ಉಳಿದಿವೆ. ಜಾನಕಿ ನಾಯರ್ ಅವರು ೧೯೯೮ರಲ್ಲಿ ಪ್ರಕಟಿಸಿದ ಮೈಸೂರು ಸಂಸ್ಥಾನದ ಗಣಿ ಮತ್ತು ಗಿರಣಿ ಕಾರ್ಮಿಕರ ಅಧ್ಯಯನ ಬಹಳ ಬೆಲೆಯುಳ್ಳದ್ದು. ಅದರ ಕಾಲಮಿತಿ ಸಂಸ್ಥಾನದ ಕಾಲದ್ದಾದುದರಿಂದ ಗಣಿ ಮುಚ್ಚಿದ ಮೇಲಿನ ಉಸಿರನ್ನು ಅಲ್ಲಿ ಹುಡುಕುವುದು ಸರಿಯಲ್ಲ. ಆ ಕೆಲಸ ಮುಂದಿನವರಿಗೆ ಉಳಿದಿದೆ. ಗಣಿಯ ಸುತ್ತ ಸೈನೈಡು ದಿಬ್ಬಗಳೆಂದು ಜನ ಕರೆಯುವ ದೂಳಿನ ಗುಡ್ಡಗಳಿವೆ. ಅವುಗಳಲ್ಲಿ ಉಳಿದಿರುವ ಚಿನ್ನವನ್ನು ತೆಗೆಯುವ ಪ್ರಸ್ತಾಪಕ್ಕೆ ರಾಜ್ಯ ಸಚಿವಸಂಪುಟ ೨೦೨೪ರ ಜೂನಿನಲ್ಲಿ ಒಪ್ಪಿಗೆಯಿತ್ತಿತು. ದಿಬ್ಬದಲ್ಲಿ ಉಳಿದ ಚಿನ್ನಕ್ಕೆ ಮತ್ತೆ ಲೆಕ್ಕ ಸಿಕ್ಕಿತು.

ಸರ್ಕಾರವು ಮನೆಯ ಬಾಗಿಲಿಗೆ ಹೋಗಲಾರದೆಂಬ ವಾದವನ್ನು ಮಾತ್ರ ಈ ಜಿಲ್ಲೆಯಲ್ಲಿ ಇನ್ನು ಮುಂದೆ ಮಾಡುವಂತಿಲ್ಲ. ೨೦೨೪ರ ಅಕ್ಟೋಬರಿನಲ್ಲಿ ಗೃಹ ಆರೋಗ್ಯವೆಂಬ ಯೋಜನೆಯನ್ನು ರಾಜ್ಯದಲ್ಲಿ ಮೊದಲು ಆರಂಭಿಸಿದುದು ಕೋಲಾರ ಜಿಲ್ಲೆಯಲ್ಲಿಯೇ. ಆರೋಗ್ಯ ಕಾರ್ಯಕರ್ತರು ಮನೆಗೆ ಬಂದು ರಕ್ತದ ಒತ್ತಡ, ಸಕ್ಕರೆಯ ರೋಗಗಳನ್ನು ತಪಾಸಣೆ ಮಾಡುವ ಏರ್ಪಾಡು ಅದು. ಆ ಕಾರ್ಯಕರ್ತೆಯ ಚೀಲದಲ್ಲಿ ಬೆರಳಿನ ಉಪಕರಣವೂ, ಅವಳ ಪುಸ್ತಕದಲ್ಲಿ ಇನ್ನೊಂದು ಕಲಮೂ ಸೇರಿದರೆ ಸಾಕು: ಯಂತ್ರವಿರುವ ಮನೆಯಲ್ಲಿ ನಿನ್ನೆ ಅದು ಎಷ್ಟು ಗಂಟೆ ನಡೆಯಿತು? ಅನೇಕ ಕಾನ್ಸೆಂಟ್ರೇಟರುಗಳಲ್ಲಿ ಗಂಟೆಗಳನ್ನು ಎಣಿಸುವ ಸಣ್ಣ ಗಡಿಯಾರವೇ ಇದೆ. ಅದನ್ನು ಓದಿ ಬರೆದುಕೊಳ್ಳಬೇಕಷ್ಟೆ. ಹಂಚಿದ ಯಂತ್ರಗಳ ಸಂಖ್ಯೆಗೆ ಬದಲಾಗಿ ಉಸಿರಾಡಿದ ಗಂಟೆಗಳ ಸಂಖ್ಯೆ ಕಡತಕ್ಕೆ ಬಂದಾಗ, ಕರೆಂಟು ಹೋದ ರಾತ್ರಿ, ಬಿಲ್ಲಿಗೆ ಹೆದರಿ ಆರಿಸಿದ ಯಂತ್ರ, ಅಡುಗೆಗೆಂದು ತೆಗೆದಿಟ್ಟ ಕೊಳವೆ ಇವೆಲ್ಲ ತಾವಾಗಿ ಆ ಅಂಕಿಯಲ್ಲಿ ಕಾಣಿಸಿಕೊಳ್ಳುತ್ತವೆ.

ಕೊನೆಯದಾಗಿ, ನಮ್ಮ ವಿಭಾಗದ ಸಂಶೋಧಕರ ಅವಗಾಹನೆಗೆ ಒಂದು ಮಾತು. ತನ್ನ ರೋಗ ಗಣಿಯಿಂದಲೇ ಬಂದುದೆಂದು ಮುದುಕನೊಬ್ಬನು ಇಂದು ಸಾಧಿಸಬೇಕಾದರೆ ಅವನ ಸೇವಾಕಾಲದ ಎದೆಯ ಕ್ಷಕಿರಣ ಚಿತ್ರವೂ ವೈದ್ಯರ ಟಿಪ್ಪಣಿಯೂ ಬೇಕಾಗುತ್ತವೆ. ಕಲ್ನಾರು ಕಾರ್ಖಾನೆಗಳ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯ ೧೯೯೫ರಲ್ಲಿ, ಪ್ರತಿ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಅವನು ಕೆಲಸಕ್ಕೆ ಸೇರಿದಂದಿನಿಂದ ನಲವತ್ತು ವರ್ಷ ಅಥವಾ ಕೆಲಸ ಬಿಟ್ಟ ಮೇಲೆ ಹದಿನೈದು ವರ್ಷ, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟು ಕಾಲ ಕಾಪಾಡಬೇಕೆಂದು ವಿಧಿಸಿತು. ಆ ಆಜ್ಞೆ ಕಲ್ನಾರಿಗೆ ಸಂಬಂಧಿಸಿದುದು. ಅಳತೆಗೋಲಾಗಿ ಕೋಲಾರಕ್ಕೂ ಅದನ್ನು ಹಿಡಿದು ನೋಡಬಹುದು. ೧೯೮೦ರಲ್ಲಿ ಗಣಿಗೆ ಇಳಿದವನ ಅವಧಿ ೨೦೨೦ಕ್ಕೆ ತೀರಿದೆ. ೧೯೯೦ರಲ್ಲಿ ಇಳಿದವನದು ೨೦೩೦ಕ್ಕೆ ತೀರುತ್ತದೆ.